ಒದ್ದೆ ಕಾಗದಕ್ಕೆ ಪೂರ್ಣಾಂಕ

ಒಂದು ಗ್ರಾಂ ನೀರಿನ ತಾಪವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಜೂಲ್ ಉಷ್ಣ ಬೇಕೆಂದು ಕರಿಹಲಗೆಯ ಮೇಲೆ ಅದೆಷ್ಟು ವರ್ಷ ಬರೆದೆನೋ! ನಿವೃತ್ತಿಯ ಹಿಂದಿನ ವರ್ಷ ನನ್ನ ಹತ್ತನೆಯ ತರಗತಿಯ ಮಕ್ಕಳು ಆ ಸಾಲನ್ನೇ ನಂಬಿ, ನೀರಿನಿಂದ ತಂಪಾಗುವ ಕಂಪ್ಯೂಟರೊಂದನ್ನು ಜೋಡಿಸಿದರು. ಪ್ರೊಸೆಸರಿನ ಮೇಲಣ ತಾಮ್ರದ ಫಲಕದಿಂದ ಬಿಸಿ ಹೊತ್ತ ನೀರು ರೇಡಿಯೇಟರಿನಲ್ಲಿ ತಣಿದು ಮರಳಬೇಕು. ಸೋರಿದರೆ, ಮಕ್ಕಳು ಚಂದಾ ಕೂಡಿಸಿ ಕೊಂಡ ಮದರ್‌ಬೋರ್ಡು ಹಾಳು.

ಎಲ್ಲರಿಗೂ ಚಾಲೂ ಮಾಡುವ ಆತುರ. ಒಬ್ಬ ಹುಡುಗಿ ಮಾತ್ರ, "ಸರ್, ಮೊದಲು ಬರೀ ಪಂಪನ್ನು ಒಂದು ದಿನ ಓಡಿಸೋಣ" ಎಂದು ಪಟ್ಟುಹಿಡಿದಳು. ಕಂಪ್ಯೂಟರಿಗೆ ವಿದ್ಯುತ್ ಕೊಡದೆ, ಕೊಳವೆಯ ಜೋಡಣೆಗಳ ಕೆಳಗೆ ಕಾಗದ ಹಾಸಿ ಕಾದೆವು. ಸಂಜೆಗೆ ಒಂದು ಕಾಗದ ಒದ್ದೆಯಾಗಿತ್ತು. ಅಲ್ಲಿ ಬಿಗಿಗೊಳಿಸಿ, ಮತ್ತೆ 24 ಗಂಟೆ ಕಾದ ಮೇಲೆಯೇ ಕಂಪ್ಯೂಟರು ಎಚ್ಚೆತ್ತಿತು. ನಾನು ಪೂರ್ಣಾಂಕ ಕೊಟ್ಟದ್ದು ಆ ಒದ್ದೆ ಕಾಗದಕ್ಕೆ.