ಒಲ್ಲದವರನ್ನೂ ಒಲಿದ ಓಟಗಾರ

ಗೆಳೆಯರನ್ನು ಪ್ರೀತಿಸುವುದು ಸುಲಭ. ಆಟದ ಬಯಲಿನಲ್ಲಿ ಮೊಣಕೈಯಿಂದ ತಿವಿಯುವವನನ್ನು, ಸೋತಾಗ ತನ್ನ ತಂಡದವರ ಮೇಲೆಯೇ ಸಿಡುಕುವವನನ್ನು, ಗೆದ್ದಾಗ ಇತರರನ್ನು ಹಳಿಯುವವನನ್ನು ಪ್ರೀತಿಸುವುದು ಕಠಿನ. ಕ್ರೀಡೆಯು ಸದ್ಗುಣಗಳನ್ನು ಬೆಳೆಸುತ್ತದೆಂದು ಶಾಲೆಗಳಲ್ಲಿ ಹೇಳುವುದುಂಟು. ಅದು ದುರ್ಗುಣಗಳನ್ನೂ ಅಷ್ಟೇ ಬೇಗ ಹೊರಗೆಡಹುತ್ತದೆ ಎಂಬುದನ್ನು ಬಯಲಿನಲ್ಲಿ ನಿಂತ ಪ್ರತಿಯೊಬ್ಬ ಉಪಾಧ್ಯಾಯನೂ ಬಲ್ಲನು. ಇಂಥವರ ನಡುವೆ ತನ್ನ ಧರ್ಮವನ್ನು ಬಾಳಿ ತೋರಿದ ಕ್ರೈಸ್ತ ಕ್ರೀಡಾಪಟು ಎರಿಕ್ ಲಿಡೆಲ್.

ಲಿಡೆಲ್ ಅವರು 1902ರ ಜನವರಿ 16ರಂದು ಚೀನಾದ ತಿಯೆನ್‌ತ್ಸಿನ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಸ್ಕಾಟ್ಲೆಂಡಿನ ಮಿಷನರಿಗಳು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗಲೇ ಅವರು ಸ್ಕಾಟ್ಲೆಂಡಿನ ಪರವಾಗಿ ರಗ್ಬಿ ಆಡಿ ಹೆಸರಾದರು. ಆ ಕಾಲದಲ್ಲಿ ಓಟಗಾರರು ಕಾಲೂರಲು ನೆಲದಲ್ಲಿ ತಾವೇ ಗುಳಿ ತೋಡಿಕೊಳ್ಳಬೇಕಾಗಿತ್ತು. ಲಿಡೆಲ್ ತಮ್ಮ ಕರಣೆಯನ್ನು ಎದುರಾಳಿಗಳಿಗೂ ಕೊಡುತ್ತಿದ್ದರು. ಓಟಕ್ಕೆ ಮುನ್ನ ಎಲ್ಲರ ಕೈ ಕುಲುಕುತ್ತಿದ್ದರು. 1923ರ ಜುಲೈನಲ್ಲಿ ಇಂಗ್ಲೆಂಡಿನ ಸ್ಟೋಕ್‌ನಲ್ಲಿ 440 ಗಜಗಳ ಓಟದ ಆರಂಭದಲ್ಲಿಯೇ ಎದುರಾಳಿಯೊಬ್ಬನ ಡಿಕ್ಕಿಗೆ ಸಿಕ್ಕಿ ಅವರು ಉರುಳಿಬಿದ್ದರು. ಏಳುವಷ್ಟರಲ್ಲಿ ಉಳಿದವರು ಸುಮಾರು 20 ಗಜ ಮುಂದಿದ್ದರು. ಸಿಟ್ಟಿಗೆ ವ್ಯಯವಾಗಬಹುದಾಗಿದ್ದ ಉಸಿರನ್ನೆಲ್ಲ ಓಟಕ್ಕೆ ಮೀಸಲಿಟ್ಟು, ಗೆದ್ದು, ಗೆರೆ ದಾಟಿದ ಮೇಲೆ ಅವರು ಕುಸಿದರು.

1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಥೆ ಲೋಕವಿದಿತ. 100 ಮೀಟರ್ ಓಟದ ಪೂರ್ವಭಾವಿ ಸುತ್ತು ಭಾನುವಾರ ಬಿದ್ದುದರಿಂದ ಅವರು ಓಡಲು ಒಪ್ಪಲಿಲ್ಲ. ಭಾನುವಾರ ದೇವರ ದಿನವೆಂಬುದು ಅವರ ನಂಬಿಕೆ. ಟೀಕೆಗಳು ಬಂದವು, ಅವರು ಮರುಟೀಕೆ ಮಾಡಲಿಲ್ಲ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡುಗಳಲ್ಲಿ ಚಿನ್ನದ ಪದಕ ಗೆದ್ದರು. ಮರುವರ್ಷವೇ ಕೀರ್ತಿಗೆ ಬೆನ್ನು ತಿರುಗಿಸಿ ಚೀನಾಕ್ಕೆ ಮರಳಿ ಉಪಾಧ್ಯಾಯರಾದರು.

ಆದರೆ ಅವರ ಪ್ರೀತಿಯ ನಿಜವಾದ ಪರೀಕ್ಷೆ ನಡೆದುದು 1943ರಲ್ಲಿ, ಯುದ್ಧಕಾಲದ ವೇಯ್‌ಶಿಯೆನ್ ಬಂಧನ ಶಿಬಿರದಲ್ಲಿ. ಗೋಡೆಯೊಳಗಣ ಒಂದು ಆವರಣದಲ್ಲಿ ಜಪಾನೀ ಸೈನ್ಯವು ಸುಮಾರು 1,500 ಪರದೇಶೀಯರನ್ನು ಕೂಡಿಹಾಕಿತ್ತು. ವರ್ತಕರು, ಪಾದ್ರಿಗಳು, ಉಪಾಧ್ಯಾಯರು, ಮಕ್ಕಳು ಎಲ್ಲರೂ ಒತ್ತೊತ್ತಾಗಿ ಇರಬೇಕಾಯಿತು. ಮಂಚದ ಜಾಗಕ್ಕಾಗಿ, ಊಟಕ್ಕಾಗಿ ಸಭ್ಯರೆನಿಸಿಕೊಂಡವರೂ ಕಿತ್ತಾಡಿದರು. ಅಲ್ಲಿ ಸೆರೆಯಲ್ಲಿದ್ದ ಲ್ಯಾಂಗ್ಡನ್ ಗಿಲ್ಕಿ ಎಂಬ ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಣ್ಣತನಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಅಂಥ ವಿಮರ್ಶಕರೂ ಲಿಡೆಲ್ ಅವರನ್ನು ಸಂತನಿಗೆ ಸಮೀಪದವರೆಂದು ಕಂಡರು.

ತಂದೆತಾಯಿಗಳಿಂದ ಅಗಲಿದ ಅನೇಕ ವಿದ್ಯಾರ್ಥಿಗಳು ಆ ಶಿಬಿರದಲ್ಲಿದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು, ಮುರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ಸರಿಪಡಿಸಿದರು. ಆದರೆ ಭಾನುವಾರ ಆಟವಿಲ್ಲವೆಂಬ ನಿಯಮವನ್ನು ಬಿಡಲಿಲ್ಲ. ಒಂದು ಭಾನುವಾರ ಹುಡುಗ ಹುಡುಗಿಯರು ತಾವೇ ಹಾಕಿಗೆ ಇಳಿದರು. ತೀರ್ಪುಗಾರರಿಲ್ಲದ ಆ ಆಟವು ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ಮಕ್ಕಳು ಬಂದು ನೋಡಿದರೆ ಬಯಲಿನಲ್ಲಿ ಲಿಡೆಲ್ ತೀರ್ಪುಗಾರರಾಗಿ ನಿಂತಿದ್ದರು.

ಒಲಿಂಪಿಕ್ ಪದಕಕ್ಕಾಗಿ ಮುರಿಯದ ನಿಯಮವನ್ನು ಜಗಳಗಂಟ ಮಕ್ಕಳಿಗಾಗಿ ಅವರು ಸಡಿಲಿಸಿದರು. ಇದು ದೌರ್ಬಲ್ಯವೆ? ಪ್ಯಾರಿಸ್ಸಿನಲ್ಲಿ ಆ ನಿಯಮಕ್ಕೆ ಬೆಲೆ ತೆತ್ತವರು ಅವರೊಬ್ಬರೇ. ಶಿಬಿರದಲ್ಲಿ ಅದರ ಬೆಲೆಯನ್ನು ಮಕ್ಕಳು ತೆರಬೇಕಾಗುತ್ತಿತ್ತು. ತನ್ನ ವ್ರತಕ್ಕಾಗಿ ತಾನು ಕಳೆದುಕೊಳ್ಳುವುದು ಒಂದು. ಪರರ ಮಕ್ಕಳು ಹಾಳಾಗುವುದನ್ನು ನೋಡುತ್ತ ಕೂರುವುದು ಇನ್ನೊಂದು. ಹಾಗೆಂದು ಅವರ ಪ್ರೀತಿ ತಪ್ಪನ್ನು ಮುಚ್ಚಿಹಾಕುವ ಪ್ರೀತಿಯೂ ಅಲ್ಲ. ತಪ್ಪನ್ನು ತಪ್ಪೆಂದು ಹೇಳಿ, ಹೇಳಿದ ಮೇಲೆಯೂ ಆಟಗಾರನನ್ನು ಆಟದಲ್ಲಿಯೇ ಉಳಿಸಿಕೊಳ್ಳುವುದು ತೀರ್ಪುಗಾರನ ಕೆಲಸ.

ಅದೇ ಶಿಬಿರದಲ್ಲಿದ್ದ ಸ್ಟೀಫನ್ ಮೆಟ್‌ಕಾಫ್ ಎಂಬ ತರುಣನು ಮುಂದೆ ತನ್ನ ನೆನಪುಗಳನ್ನು ಹೇಳಿಕೊಂಡಿದ್ದಾನೆ. ಶತ್ರುಗಳನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಬೋಧೆಯು ಬರಿಯ ಆದರ್ಶವೋ, ಕಾವಲಿನ ಸೈನಿಕರನ್ನು ಎದುರಿಗಿಟ್ಟುಕೊಂಡು ಆಚರಿಸಬಹುದಾದುದೋ ಎಂಬ ಚರ್ಚೆ ತರಗತಿಯಲ್ಲಿ ನಡೆಯಿತು. ಒಲಿದವರಿಗಾಗಿ ಯಾರು ಬೇಕಾದರೂ ಪ್ರಾರ್ಥಿಸುತ್ತಾರೆ, ಒಲ್ಲದವರಿಗಾಗಿ ಪ್ರಾರ್ಥಿಸುವುದರಿಂದ ಪ್ರಾರಂಭಿಸಿರಿ ಎಂಬುದು ಲಿಡೆಲ್ ಅವರ ಉತ್ತರದ ಸಾರ. ಪ್ರೀತಿ ತಾನಾಗಿ ಹುಟ್ಟಲೆಂದು ಕಾಯದೆ, ದಿನದಿನದ ಅಭ್ಯಾಸದಿಂದ ಅದನ್ನು ಬೆಳೆಸಿಕೊಳ್ಳಬೇಕೆಂಬುದನ್ನು ಓಟಗಾರನಿಗಿಂತ ಚೆನ್ನಾಗಿ ಯಾರು ಬಲ್ಲರು?

ಚಳಿಗಾಲದ ಒಂದು ದಿನ ಲಿಡೆಲ್ ತಮ್ಮ ಹಳೆಯ ಓಟದ ಬೂಟುಗಳನ್ನು ಆ ತರುಣನಿಗೆ ಕೊಟ್ಟರು. ಅದಾದ ಸುಮಾರು ಮೂರು ವಾರಗಳಿಗೆ, 1945ರ ಫೆಬ್ರವರಿ 21ರಂದು, ಮೆದುಳಿನ ಗಡ್ಡೆಯಿಂದ ಅವರು ಕಣ್ಣುಮುಚ್ಚಿದರು. ಆಗ ಅವರ ವಯಸ್ಸು 43. ಕೆನಡಾದಲ್ಲಿದ್ದ ಕಿರಿಯ ಮಗಳ ಮುಖವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಆರು ತಿಂಗಳಲ್ಲಿ ಶಿಬಿರ ಬಿಡುಗಡೆಯಾಯಿತು.

1952ರಲ್ಲಿ ಮೆಟ್‌ಕಾಫ್ ಸೇವೆಗೆಂದು ಹೊರಟುದು ತನ್ನನ್ನು ಸೆರೆಯಿಟ್ಟವರ ನಾಡಾದ ಜಪಾನಿಗೆ. ಅಲ್ಲಿ ಆತನು ದಶಕಗಳ ಕಾಲ ದುಡಿದನು.

ಪ್ರತಿ ಶಾಲೆಯ ಬಯಲಿನಲ್ಲಿಯೂ ಯಾರಿಗೂ ಬೇಡವಾದ ಹುಡುಗನೊಬ್ಬನಿರುತ್ತಾನೆ. ಆತನನ್ನು ತಂಡದಿಂದ ಹೊರಗಿಡುವುದು ಸುಲಭ. ಆತನಿಗಾಗಿ ತನ್ನ ಭಾನುವಾರವನ್ನು ಬಿಟ್ಟುಕೊಟ್ಟು ಬಯಲಿಗೆ ಬಂದು ನಿಲ್ಲುವ ಉಪಾಧ್ಯಾಯನು ದೊರೆತರೆ, ಆ ಹುಡುಗನು ಮುಂದೆ ಎಲ್ಲಿಯವರೆಗೆ ಓಡಿಯಾನು ಎಂಬುದನ್ನು ಇಂದು ಯಾರೂ ಅಳೆಯಲಾರರು.