ಮನೆಗೆ ಬಂದ ಗರಗಸ

ನಲವತ್ತು ದಾಟಿದ ಗಂಡಸಿಗೆ ಯಾವುದಾದರೊಂದು ಹುಚ್ಚು ಹಿಡಿಯದೆ ಇರದು. ಕೆಲವರು ಮುಂಜಾನೆ ಗೋಲಗುಮ್ಮಟದ ಸುತ್ತ ನಡೆಯತೊಡಗುತ್ತಾರೆ. ಕೆಲವರು ಹಳೆಯ ನಾಣ್ಯ ಕೂಡಿಸುತ್ತಾರೆ. ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರೊಬ್ಬರು ಕೊಳಲು ಕಲಿಯಲು ಹೊರಟು ನೆರೆಹೊರೆಯವರ ಸ್ನೇಹವನ್ನು ಕಳೆದುಕೊಂಡರು. ನಾನು ಗರಗಸ ಕೊಂಡೆ. ಕೈಗರಗಸವಲ್ಲ, ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ತಲೆಯೆತ್ತಿ ನಿಂತ ಹಲ್ಲುಚಕ್ರ, ಅಡಿಯಲ್ಲೊಂದು ಮೋಟರು. ಪೇಟೆಯವರು ‘ಟೇಬಲ್ ಸಾ’ ಎನ್ನುವುದು ಇದಕ್ಕೇ.

ಇದಕ್ಕೆ ಕಾರಣವಿತ್ತು. ಬಬಲೇಶ್ವರದಲ್ಲಿದ್ದ ನಮ್ಮ ಹಿರಿಯರ ಮೇಲ್ಮುದ್ದೆಯ ಮನೆ ಹೋದ ಬೇಸಿಗೆಯಲ್ಲಿ ಇಳಿಯಿತು. ಮಣ್ಣಿನ ಮಾಳಿಗೆಯನ್ನು ಹೊತ್ತು ನಿಂತಿದ್ದ ಬೇವಿನ ತೊಲೆಗಳಲ್ಲಿ ಎರಡು ನನ್ನ ಪಾಲಿಗೆ ಬಂದವು. ನಮ್ಮ ತಂದೆ ಬಡಗಿ. ಊರಿನ ಎಷ್ಟೋ ಚಕ್ಕಡಿಯ ಗಾಲಿಗಳು, ಕೂರಿಗೆ ಕುಂಟೆಗಳು ಆತನ ಬಾಚಿಯ ಕೆಳಗೆ ಹುಟ್ಟಿದವು. ಆತನ ತರುವಾಯ ಅಣ್ಣ ಬಾಚಿ ಹಿಡಿದ. ನಾನು ಪುಸ್ತಕ ಹಿಡಿದೆ. ಈಗ ಮಗಳು ಕಾಲೇಜಿಗೆ ಹೊರಟಿದ್ದಾಳೆ. ಓದಲು ಮೇಜು ಬೇಕು. ಅಜ್ಜನ ಮನೆಯ ತೊಲೆಯಿಂದ ಮೊಮ್ಮಗಳಿಗೆ ಮೇಜು! ವಿಚಾರ ನನಗೇ ಬಹಳ ಹಿಡಿಸಿತು. ಅಣ್ಣನಿಗೆ ಒಂದು ಮಾತು ಹೇಳಿದ್ದರೆ ನಾಲ್ಕು ದಿನಗಳಲ್ಲಿ ಮಾಡಿ ತಂದಿಡುತ್ತಿದ್ದ. ಹೇಳಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ತೊಲೆಗಳನ್ನು ಕಟ್ಟಿಗೆಯ ಅಡ್ಡೆಯಲ್ಲಿ ಹಲಗೆ ಸೀಳಿಸಿ ತಂದೆ. ಯಂತ್ರವೂ ಬಂದಿತು. ಜೊತೆಗೆ ಒಂದು ಪುಸ್ತಿಕೆ. ಅದನ್ನು ನಾನು ಕೆಂಪು ಶಾಯಿಯ ಕಣ್ಣಿನಿಂದ ಓದಿದೆ: ಅಚ್ಚಿನ ತಪ್ಪುಗಳು ಏಳು ಸಿಕ್ಕವು; ಅರ್ಥ ಸಿಕ್ಕಲಿಲ್ಲ. ಎಲ್ಲವನ್ನೂ ಜೋಡಿಸಿ ಮುಗಿದಾಗ, ಬಾಗಿದ ಬೆರಳಿನಂತಹ ತೆಳುವಾದ ಉಕ್ಕಿನ ತಗಡೊಂದು ಉಳಿಯಿತು. ಹೆಚ್ಚಿಗೆ ಕೊಟ್ಟಿದ್ದಾರೆ, ಧಾರಾಳಿಗಳು, ಎಂದುಕೊಂಡು ಡಬ್ಬಿಯಲ್ಲೇ ಇಟ್ಟೆ.

ಮೊದಲನೆಯ ದಿನ ಮೋಟರು ಮುಲುಗಿತೇ ಹೊರತು ತಿರುಗಲಿಲ್ಲ. ಅಂಗಡಿಯವನನ್ನು ಬೈದೆ. ತಪ್ಪು ನನ್ನದೇ. ಹಿತ್ತಿಲವರೆಗೆ ಎಳೆದಿದ್ದ ತಂತಿ ದೀಪಕ್ಕೆ ಸಾಕಾಗುವಷ್ಟು ಸಣ್ಣದು. ಉಳಿದುದನ್ನು ಸುರುಳಿ ಸುತ್ತಿ ಬೇರೆ ಇಟ್ಟಿದ್ದೆ. 230 ವೋಲ್ಟಿನಲ್ಲಿ ಒಂದಿಷ್ಟನ್ನು ಹಾದಿಯಲ್ಲಿ ಆ ತಂತಿಯೇ ತಿಂದು ಬಿಸಿಯಾಗುತ್ತಿತ್ತು. ದಪ್ಪನೆಯ, ಗಿಡ್ಡನೆಯ ತಂತಿ ಹಾಕಿದ ಮೇಲೆ ಚಕ್ರ ಗುಂಯ್ ಎಂದಿತು.

ಎರಡನೆಯ ದಿನ ಹಲಗೆಯ ಅಂಚು ಕಪ್ಪಗೆ ಸುಟ್ಟು ಹೊಗೆ ಬಂದಿತು. ಈ ಸಲ ಕಟ್ಟಿಗೆಯನ್ನು ಬೈದೆ. ಹಳೆಯ ಬೇವು, ಒಣಗಿ ಕಲ್ಲಾಗಿದೆ ಎಂದು ಹೆಂಡತಿಗೆ ವಿವರಿಸಿದೆ. ಇನ್ನಷ್ಟು ಬಲವಾಗಿ ದೂಡಿದರೆ ಸರಿಹೋದೀತೆಂದು ಮೂರನೆಯ ದಿನ ಬಲವಾಗಿ ದೂಡಿದೆ.

ನನ್ನ ಯಂತ್ರದ ಚಕ್ರ 10 ಅಂಗುಲದ್ದು. ನಿಮಿಷಕ್ಕೆ 4800 ಸುತ್ತು. ಲೆಕ್ಕ ಹಾಕಿದರೆ ಅದರ ಒಂದೊಂದು ಹಲ್ಲೂ ಸೆಕೆಂಡಿಗೆ ಸುಮಾರು 64 ಮೀಟರು ಓಡುತ್ತದೆ. ನಮ್ಮ ಗೋಲಗುಮ್ಮಟದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅದನ್ನು ಈ ಕಡೆಯಿಂದ ಆ ಕಡೆಗೆ ದಾಟಲು ಆ ಹಲ್ಲಿಗೆ ಒಂದು ಸೆಕೆಂಡೂ ಬೇಡ. ಈ ಲೆಕ್ಕವನ್ನು ನಾನು ಹಾಕಿದ್ದು ಆಮೇಲೆ. ಆ ಕ್ಷಣದಲ್ಲಿ ಕಂಡದ್ದಿಷ್ಟೆ: ಹಲಗೆ ಒಮ್ಮೆ ನಡುಗಿತು, ಎದ್ದಿತು, ನನ್ನ ಪಕ್ಕೆಲುಬನ್ನು ಸವರಿಕೊಂಡು ಹೋಗಿ ಹಿಂದಿನ ಗೋಡೆಯ ಗಿಲಾವನ್ನು ಕಿತ್ತಿತು. ದೂಡುತ್ತಿದ್ದ ಎಡಗೈ ಚಕ್ರದಿಂದ ನಾಲ್ಕು ಬೆರಳು ದೂರದಲ್ಲಿ ಮೇಜಿನ ಮೇಲೆ ಬಿದ್ದಿತ್ತು.

ಹೆಂಡತಿ ಓಡಿಬಂದು ಬಟನ್ ಒತ್ತಿದಳು. “ರೀ, ಮೊದಲ ಬೆರಳ ಎಣಸ್ರಿ,” ಎಂದಳು.

ಎಣಿಸಿದೆ. ಹತ್ತೂ ಇದ್ದವು. ಅಣ್ಣನಿಗೆ ಒಂಬತ್ತೂವರೆ. ಅವನನ್ನು ಕರೆಯದೆ ಇದ್ದುದಕ್ಕೆ ಕಾರಣ ಇದೇ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಅಣ್ಣ ಹೊಟ್ಟೆಪಾಡಿಗೆಂದು ಕಟ್ಟಿಗೆ ಸೀಳುವ ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದ. ಎರಡನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ‘ಕೈಗೆ ಸ್ವಲ್ಪ ಪೆಟ್ಟಾಗಿದೆ’ ಎಂಬ ಸುದ್ದಿ ಬಂದಿತು. ಪರೀಕ್ಷೆಯ ಹಣವೂ ತಪ್ಪದೆ ಬಂದಿತು. ಊರಿಗೆ ಹೋದಾಗ ಅವನ ಎಡಗೈಯ ತೋರುಬೆರಳು ಅರ್ಧ ಇರಲಿಲ್ಲ. ಹೇಗಾಯಿತೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲೆ ಇದೇ ವಿಜಯಪುರದಲ್ಲಿ, ಹಳಕಟ್ಟಿಯವರು ಬಾಳಿದ ಊರಿನಲ್ಲಿ, ಕಾಯಕವೇ ಕೈಲಾಸವೆಂದು ವರ್ಷವರ್ಷವೂ ಪಾಠ ಹೇಳಿದೆ. ನನ್ನ ಅಂಗೈಗೆ ಹತ್ತಿದ್ದು ಸೀಮೆಸುಣ್ಣದ ಪುಡಿ ಮಾತ್ರ. ಆ ಅರ್ಧ ಬೆರಳಿನ ಎದುರು ನಿಂತು “ಅಣ್ಣ, ನನಗೊಂದು ಮೇಜು ಮಾಡಿಕೊಡು” ಎನ್ನಲು ನನಗೆ ಬಾಯಿ ಬರಲಿಲ್ಲ.

ಈಗ ಬಂದಿತು. ಅಣ್ಣ ತಿಕೋಟಾದಲ್ಲಿ ದ್ರಾಕ್ಷಿ ಬೆಳೆಗಾರರೊಬ್ಬರ ಹೊಸ ಮನೆಗೆ ಚೌಕಟ್ಟು ಕೂಡಿಸುತ್ತಿದ್ದ. ಸುದ್ದಿ ಕೇಳಿ ಸಂಜೆಯ ಬಸ್ಸಿಗೇ ಬಂದ. ಬಂದವನು ಯಂತ್ರವನ್ನು ಮುಟ್ಟುವ ಮೊದಲು ಗೋಡೆಯಿಂದ ತಂತಿಯನ್ನು ಕಿತ್ತ. ಆಮೇಲೆ, “ತಮ್ಮಾ, ಒಂದ ಚಾಕಪೀಸ ಕೊಡು,” ಎಂದ. ನನ್ನ ಮನೆಯಲ್ಲಿ ಅವನ ಉಪಯೋಗಕ್ಕೆ ಬರುವ ವಸ್ತು ಅದೊಂದಾದರೂ ಇತ್ತು!

ಚಕ್ರದ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿದ. ಮೇಜಿನ ಮೇಲೆ ಉದ್ದಕ್ಕೆ ಕೊರೆದ ತೋಡಿನಿಂದ ಆ ಹಲ್ಲಿಗೆ ಎಷ್ಟು ದೂರವೆಂದು ಮುಂದುಗಡೆ ಅಳೆದ. ಚಕ್ರವನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆದ. ಬೇರೆ ಹಲ್ಲು ಏಕಾಗದೆಂದು ಕೇಳಿದೆ. “ಚಕ್ರ ಒಂದೀಟು ಡೊಂಕಿದ್ದರ ಬ್ಯಾರೆ ಹಲ್ಲು ಸುಳ್ಳ ಹೇಳತೈತಿ. ಒಬ್ಬನ್ನ ಎರಡ ಸಲ ಕೇಳಬೇಕು,” ಎಂದ. ಎರಡೂ ಅಳತೆ ಒಂದೇ ಬಂದಿತು, ಚಕ್ರ ನೆಟ್ಟಗಿತ್ತು. ಬಳಿಕ ಹಲಗೆಯನ್ನು ಆನಿಸಿ ದೂಡುವ ಪಟ್ಟಿಯನ್ನು, ಅವರು ‘ಗೈಡು’ ಎನ್ನುವುದನ್ನು, ಅದೇ ತೋಡಿನಿಂದ ಅಳೆದ. ಹಿಂದಿನ ತುದಿ ಚಕ್ರದ ಕಡೆಗೆ ಒಂದೂವರೆ ಮಿಲಿಮೀಟರು ವಾಲಿತ್ತು.

“ಕಟಗಿದೇನೂ ತಪ್ಪಿಲ್ಲ. ಮುಂದ ಹಾದಿ ಅಗಲ, ಹಿಂದ ಸಣ್ಣದು. ಹೊಕ್ಕ ಹಲಗಿ ನಡುವ ಸಿಕ್ಕೊಂಡು ಉಜ್ಜತೈತಿ, ಸುಡತೈತಿ. ಮುಂದಿನ ಹಲ್ಲು ಕೆಳಗ ಇಳೀತಾವು, ಹಿಂದಿನವು ಮ್ಯಾಲ ಏಳತಾವು. ಸಿಕ್ಕೊಂಡಿದ್ದನ್ನ ಎತ್ತಿ ನಿನ್ನ ಮ್ಯಾಲ ಒಗೀತಾವು.”

ಸುಟ್ಟ ಅಂಚು ಮೊದಲೇ ಇದನ್ನು ನನಗೆ ಹೇಳಿತ್ತು. ವಿದ್ಯಾರ್ಥಿಗಳ ತಪ್ಪು ಹುಡುಕಿ ಸಂಬಳ ಪಡೆಯುವ ನಾನು ತಂತಿಯ ತಪ್ಪನ್ನು ಅಂಗಡಿಯವನ ಮೇಲೆ, ಪಟ್ಟಿಯ ತಪ್ಪನ್ನು ಅಜ್ಜನ ಬೇವಿನ ಮೇಲೆ ಹೊರಿಸಿದ್ದೆ.

ಅಣ್ಣ ಸುತ್ತಲೂ ನೋಡಿದ. “ಇದರ ಬೆನ್ನಿಗೆ ಒಂದ ತಗಡ ಇರಬೇಕಲ್ಲ?” ಡಬ್ಬಿಯಿಂದ ತೆಗೆದು ಕೊಟ್ಟೆ. “ಉಳಿದದ್ದು ಅಂತ ತಿಳಿದಿದ್ದೆ,” ಎಂದೆ. ನಗಬಹುದೆಂದುಕೊಂಡಿದ್ದೆ, ನಗಲಿಲ್ಲ. ಚಕ್ರದ ಹಿಂದೆ, ಅದರ ನೇರಕ್ಕೆ ಕೂಡಿಸಿದ. ಕೊರೆದ ಸೀಳು ಮತ್ತೆ ಮುಚ್ಚಿಕೊಂಡು ಹಿಂದಿನ ಹಲ್ಲುಗಳನ್ನು ಕಚ್ಚದಂತೆ ತಡೆಯುವುದೇ ಆ ತಗಡಿನ ಕೆಲಸ. ತಿರುಪು ಬಿಗಿಯುತ್ತಿದ್ದ ಆ ಕೈಯನ್ನು ನೋಡುತ್ತ ಕೊನೆಗೂ ಕೇಳಿದೆ.

“ಅಣ್ಣ, ನಿನ್ನ ಬೆರಳು ಹೆಂಗ ಹೋತು?”

ತಲೆಯೆತ್ತದೆ ಹೇಳಿದ: “ಹಿಂಗ. ಹಸಿ ಜಾಲಿ, ಸೀಳು ಮುಚಿಗೊಂತು, ಒಗೀತು. ಆ ಗರಗಸಕ್ಕ ಈ ತಗಡ ಇರಲಿಲ್ಲ.”

ಅಷ್ಟೇ. ಇಷ್ಟು ವರ್ಷ ನಾನು ಕೇಳಲು ಹೆದರಿದ್ದು ಇಷ್ಟು ಮಾತಿಗೆ.

ಮೂರು ಭಾನುವಾರ ಅಣ್ಣ ಬಂದ. ಹಳೆಯ ಹಲಗೆಗಳ ಮೇಲೆ ಅಯಸ್ಕಾಂತ ಆಡಿಸಿ ಒಳಗೆ ಮುರಿದು ಉಳಿದ ಮೊಳೆಗಳನ್ನು ಹುಡುಕಿದೆವು. ಒಂದು ಮೊಳೆ ಸಾಕು, ಚಕ್ರದ ಹಲ್ಲು ಹಾರಿಸಲು. ಜಾಲಿಯ ತುಂಡಿನಿಂದ ಒಂದು ದೂಡುಗೋಲು ಕೆತ್ತಿಕೊಟ್ಟು, “ಚಕ್ರದ ಹತ್ರ ಕೋಲ ಹೋಗಲಿ, ಕೈ ಬ್ಯಾಡ. ಹಲಗಿ ನೇರಕ್ಕ ನಿಂದರಬ್ಯಾಡ, ಬಾಜೂಕ ನಿಂದರು,” ಎಂದ. ಅವನು ಗೆರೆ ಹಾಕಿದ, ನಾನು ಕೊರೆದೆ. ಅಂಚು ಸುಡಲಿಲ್ಲ. ರಂದಾ ಹೊಡೆದಾಗ ಬೇವಿನ ಕಹಿ ವಾಸನೆ ಹಿತ್ತಿಲ ತುಂಬ ಹರಡಿತು. ಮೇಜು ನಿಂತಿತು, ಮಗಳು ಈಗ ಅದರ ಮೇಲೆ ಓದುತ್ತಾಳೆ.

ಕೊನೆಯ ದಿನ ಬಸ್ಸಿಗೆ ಬಿಡಲು ಹೋದಾಗ, “ಕೂಲಿ ಎಷ್ಟಣ್ಣ?” ಎಂದು ನಗುತ್ತ ಕೇಳಿದೆ.

“ಚಾಕಪೀಸಿನ ಡಬ್ಬಿ ಒಂದ ಕೊಡು. ಹಲಗಿ ಮ್ಯಾಲ ಗೆರಿ ಛಲೋ ಬೀಳತೈತಿ,” ಎಂದ.

ಕೊಟ್ಟೆ. ಕಾಲೇಜಿನದಲ್ಲ, ಸ್ವಂತ ದುಡ್ಡಿನಿಂದ ಕೊಂಡದ್ದು.