ಪಾಲಿಬೆಟ್ಟದಲ್ಲಿ ಒಂದು ಹಳೆಯ ಕಾರು

ಬೆಂಗಳೂರಿನಿಂದ ಕೊಡಗಿಗೆ ಹೊರಟವರು ಶ್ರೀರಂಗಪಟ್ಟಣದ ಬಳಿ ಒಂದು ಗಂಟೆ ತಂಗುವುದು ಈಚೆಗೆ ರೂಢಿಯಾಗುತ್ತಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಸಂಗ್ರಹಿಸಿದ ಮೋಟಾರುಗಳಿಗಾಗಿ 2023ರಲ್ಲಿ ತೆರೆದ ‘ಪಯಣ’ ಎಂಬ ವಸ್ತುಸಂಗ್ರಹಾಲಯ ಅಲ್ಲಿದೆ. ನಾವೂ ಇಳಿದೆವು. ಹಿರಿಯರು ಹಳೆಯ ಕಾರುಗಳನ್ನು ಕಂಡು ತಮ್ಮ ಬಾಲ್ಯವನ್ನು ನೆನೆಯುತ್ತಿದ್ದರೆ, ನನ್ನ ಹನ್ನೊಂದು ವರ್ಷದ ಮಗ ಪ್ರತಿಯೊಂದರ ಮುಂದೆಯೂ ನಿಂತು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದ: “ಇದರ ಬೆಲೆ ಎಷ್ಟು?” ಉತ್ತರ ನನ್ನಲ್ಲಿರಲಿಲ್ಲ. ಅದು ದೊರೆತದ್ದು, ಅದೂ ಅರ್ಧ ಮಾತ್ರ, ಪಾಲಿಬೆಟ್ಟದಲ್ಲಿ.

ಹುಣಸೂರನ್ನು ಹಿಂದಿಕ್ಕಿ, ಆನೆಚೌಕೂರಿನ ಕಾಡನ್ನೂ ತಿತಿಮತಿಯನ್ನೂ ದಾಟಿ, ಗೋಣಿಕೊಪ್ಪಲಿನ ಪೇಟೆಯ ಗದ್ದಲವನ್ನು ಕಳೆದು ಪಾಲಿಬೆಟ್ಟದ ಹಾದಿ ಹಿಡಿದಾಗ ಸಂಜೆ ನಾಲ್ಕು ಗಂಟೆ. ಮಾರ್ಚ್ ತಿಂಗಳು. ಹೂಮಳೆ ಬಿದ್ದು ಎಂಟು ದಿನವಾಗಿತ್ತು. ರೊಬಸ್ಟಾ ಗಿಡಗಳ ಕೊಂಬೆ ಕೊಂಬೆಯೂ ಬಿಳಿಯ ಹೂವಿನಲ್ಲಿ ಮುಳುಗಿ, ಮಲ್ಲಿಗೆಯನ್ನು ಹೋಲುವ ಅದರ ಕಂಪು ಕಾರಿನ ಕಿಟಕಿಯೊಳಗೆ ತುಂಬಿಕೊಂಡಿತು. ಊರೆಂದರೆ ಒಂದು ಸಣ್ಣ ಪೇಟೆ, ಅಷ್ಟೆ, ಉಳಿದುದೆಲ್ಲ ತೋಟ. ಬ್ರಿಟಿಷ್ ಕಂಪೆನಿಗಳ ಕಾಲದ ಬಂಗಲೆಗಳು ಇನ್ನೂ ಅಲ್ಲಲ್ಲಿ ಗಟ್ಟಿಯಾಗಿ ನಿಂತಿವೆ. ಅವುಗಳ ಹಿಂಭಾಗದಲ್ಲಿ, ನೋಡುವವರು ಗಮನಿಸದ ಒಂದು ಷೆಡ್ಡು ಇರುತ್ತದೆ. ನಾವು ನೋಡಲು ಹೋದದ್ದು ಅಂತಹ ಒಂದು ಷೆಡ್ಡನ್ನು.

ನಮ್ಮ ಆತಿಥೇಯರು ಎಪ್ಪತ್ತು ದಾಟಿದ ಕೊಡವ ಬೆಳೆಗಾರರು. ಹೆಸರು ಹೇಳುವುದು ಬೇಡವೆಂದು ಅವರೇ ತಡೆದರು. “ಮೊದಲು ಕಾಫಿ, ಆಮೇಲೆ ಕಾರು,” ಎಂದು ಕೂರಿಸಿದರು. ಕಾಫಿಯಾದ ಮೇಲೆ ಷೆಡ್ಡಿನ ಬಾಗಿಲು ತೆರೆದು, ಟಾರ್ಪಾಲನ್ನು ಸರಿಸಿದರು. ಕಡುಹಸಿರು ಬಣ್ಣ, ನೀಳವಾದ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಎತ್ತರದ ಚಕ್ರಗಳು, ಮುಂದಕ್ಕೆ ಮಡಿಸಿ ಮಲಗಿಸಬಹುದಾದ ಗಾಜು, ಇಬ್ಬರು ಮಾತ್ರ ಕೂರಬಹುದಾದ ಆಸನ: ಎಂ.ಜಿ. ಟಿ.ಸಿ.

ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ 1945ರಿಂದ 1949ರವರೆಗೆ ಈ ಮಾದರಿಯ 10,000 ಕಾರುಗಳು ತಯಾರಾದುವು. ಎಂಜಿನ್ ಕೇವಲ 1,250 ಸಿ.ಸಿ.; ಇಂದಿನ ಸಾಮಾನ್ಯ ಸಂಸಾರದ ಕಾರೂ ಇದನ್ನು ಸುಲಭವಾಗಿ ಹಿಂದಿಕ್ಕಬಲ್ಲದು. ಆದರೆ ವಂಶ ದೊಡ್ಡದು. ಇದರ ಹಿರಿಯಣ್ಣನೆನ್ನಬಹುದಾದ ಎಂ.ಜಿ. ಕೆ-3, 1933ರಲ್ಲಿ ಇಟಲಿಯ ಸಾವಿರ ಮೈಲಿಯ ಪಂದ್ಯದಲ್ಲಿ ತನ್ನ ವರ್ಗವನ್ನು ಗೆದ್ದಿತು. 1961ರಲ್ಲಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಫಿಲ್ ಹಿಲ್ ಪಂದ್ಯಗಳಿಗೆ ಕಾಲಿಟ್ಟದ್ದು ಟಿ.ಸಿ.ಯಲ್ಲೇ.

“ಇದೂ ಓಡಿದೆ,” ಎಂದು ಹಿರಿಯರು ಒಂದು ಫೋಟೋ ತೋರಿಸಿದರು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ದೊರೆಯಿಂದ ಅವರ ತಂದೆ ಇದನ್ನು ಕೊಂಡಿದ್ದರಂತೆ. ಮದರಾಸಿನ ಹತ್ತಿರ ಷೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯೊಂದಿದ್ದು, 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ಪಂದ್ಯಗಳನ್ನು ನಡೆಸುತ್ತಿತ್ತು. ಒಂದು ವರ್ಷ ತಂದೆಯವರು ಈ ಕಾರನ್ನು ಅಲ್ಲಿಗೆ ಒಯ್ದರು. ಗೆಲ್ಲಲಿಲ್ಲ. ಫೋಟೋದಲ್ಲಿ ಬಾಗಿಲಿನ ಮೇಲೆ ಸುಣ್ಣದಲ್ಲಿ ಬರೆದ ಸಂಖ್ಯೆ, ಪಕ್ಕದಲ್ಲಿ ನಗುತ್ತಿರುವ ತರುಣ.

ನನ್ನ ಮಗ ಸಮಯ ಕಾದು ಕೇಳಿಯೇಬಿಟ್ಟ: “ಅಜ್ಜ, ಇದರ ಬೆಲೆ ಎಷ್ಟು?”

ಹಿರಿಯರು ನಕ್ಕರು. “ಯಾವ ಕಾರಿನ ಬೆಲೆ ಮಗು? ಇಲ್ಲಿ ಎರಡಿವೆ.”

ಇದನ್ನು ವಿವರಿಸುವ ಮುನ್ನ ಹೊರಜಗತ್ತಿನ ಲೆಕ್ಕವನ್ನು ಓದುಗರಿಗೆ ಹೇಳಬೇಕು. ಫೆರಾರಿ ಕಂಪೆನಿ 1962ರಿಂದ 1964ರವರೆಗೆ 250 ಜಿ.ಟಿ.ಓ. ಎಂಬ ಪಂದ್ಯದ ಕಾರುಗಳನ್ನು 36 ಮಾತ್ರ ತಯಾರಿಸಿತು. ಆಗ ಅದರ ಬೆಲೆ ಸುಮಾರು 18,000 ಡಾಲರ್. 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು 5 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಅದಕ್ಕೂ ಮೊದಲು, 2022ರಲ್ಲಿ, ಮರ್ಸಿಡಿಸ್ ಕಂಪೆನಿ 1955ರಲ್ಲಿ ತಯಾರಿಸಿ ತನ್ನಲ್ಲೇ ಇಟ್ಟುಕೊಂಡಿದ್ದ ಎರಡು ಕಾರುಗಳಲ್ಲಿ ಒಂದನ್ನು 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿತು. ನಮ್ಮ ರೂಪಾಯಿಯಲ್ಲಿ ಸಾವಿರ ಕೋಟಿಗೂ ಮಿಕ್ಕ ಮೊತ್ತ. ಈ ಹಣ ಕಬ್ಬಿಣಕ್ಕಾಗಲಿ ವೇಗಕ್ಕಾಗಲಿ ಸಲ್ಲುವುದಲ್ಲ. ‘ಇಂಥ ದಿನ, ಇಂಥ ಪಂದ್ಯದಲ್ಲಿ, ಇಂಥವನ ಕೈಯಲ್ಲಿ ಓಡಿದ್ದು ಇದೇ’ ಎಂದು ಕಡಿದುಹೋಗದ ದಾಖಲೆಯೊಡನೆ ತೋರಿಸಬಲ್ಲವನಿಗೆ ಸಲ್ಲುವ ಹಣ.

‘ಇದೇ’ ಎಂದರೆ ಯಾವುದು? ಲಂಡನ್ನಿನ ನ್ಯಾಯಾಲಯವೇ ಒಮ್ಮೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಯಿತು. 1929 ಮತ್ತು 1930ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಅದರಲ್ಲಿ ಮೊದಲಿನ ಭಾಗಗಳು ಉಳಿದೇ ಇಲ್ಲವೆಂದು ಹಿಂದೆಗೆದರು. ಅದು ನಿಜವೂ ಆಗಿತ್ತು. ವರ್ಷವರ್ಷವೂ ಒಂದೊಂದು ಭಾಗ ಬದಲಾಗಿತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತಕ್ಕೀಡಾಗಿ ಚಾಲಕನೇ ಪ್ರಾಣ ಕಳೆದುಕೊಂಡ ಮೇಲೆ ಕಾರನ್ನು ಮತ್ತೆ ಕಟ್ಟಲಾಗಿತ್ತು. ಆದರೂ 1990ರಲ್ಲಿ ನ್ಯಾಯಾಧೀಶರು ಮಾರುವವನ ಕಡೆಗೇ ತೀರ್ಪಿತ್ತರು: ಭಾಗಗಳು ಬದಲಾದರೂ ಅದು ಎಂದೂ ಬೇರೆ ಕಾರಾಗಲಿಲ್ಲ, ಅದರ ಬದುಕಿನ ಎಳೆ ಕಡಿಯಲಿಲ್ಲ.

ಕೊಡಗಿನವರಿಗೆ ಈ ತೀರ್ಪು ವಿಚಿತ್ರವಾಗಿ ಕಾಣಲಾರದು. ಐನ್‌ಮನೆಯ ಹುಲ್ಲಿನ ಮಾಡು ಹೋಗಿ ಹೆಂಚು ಬಂದರೂ, ಕಂಬ ಬದಲಾದರೂ, ಅದು ಅದೇ ಐನ್‌ಮನೆ. ಜಮ್ಮಾ ಭೂಮಿಯ ಪುಸ್ತಕದಲ್ಲಿ ಪಟ್ಟೇದಾರನ ಹೆಸರಿದ್ದರೂ ಒಡೆತನ ಒಕ್ಕದ್ದು.

ಹಿರಿಯರ ಕಾರಿನ ಕಷ್ಟವೂ ಇಲ್ಲಿಯೇ ಇದೆ. 1961ರ ಸುಗ್ಗಿಯಲ್ಲಿ, ಹಣ್ಣು ಕಣಕ್ಕೆ ಬಂದು ರಾಶಿಬಿದ್ದ ವೇಳೆಗೆ, ಪಲ್ಪರ್ ಮನೆಯ ಎಂಜಿನ್ ಕೆಟ್ಟಿತು. ಬಿಡಿಭಾಗ ಬರುವಷ್ಟರಲ್ಲಿ ಹಣ್ಣು ಕೊಳೆಯುತ್ತದೆ. ತಂದೆಯವರು ಎರಡನೆಯ ಮಾತಾಡದೆ ಕಾರಿನ ಎಂಜಿನ್ನನ್ನು ಬಿಚ್ಚಿಸಿ ಪಲ್ಪರಿಗೆ ಕಟ್ಟಿಸಿದರು. ಬೆಳೆ ಉಳಿಯಿತು, ಎಂಜಿನ್ ಉಳಿಯಲಿಲ್ಲ, ಬ್ಲಾಕು ಸೀಳಿತು. ಆಮೇಲೆ ಮದರಾಸಿನಿಂದ ಅದೇ ಜಾತಿಯ ಇನ್ನೊಂದು ಎಂಜಿನ್ ತರಿಸಿ ಕೂರಿಸಿದರು. ಈಗ ಓಡುವುದು ಅದೇ. ಷೋಲಾವರಂ ಕಂಡದ್ದು ಪಲ್ಪರ್ ಮನೆಯ ಮೂಲೆಯಲ್ಲೇ ಉಳಿಯಿತು.

ಅಷ್ಟರಲ್ಲಿ ತೋಟ ಪಾಲಾಯಿತು. ಕಾರು ತಮ್ಮನಿಗೆ, ಪಲ್ಪರ್ ಮನೆ ಅಣ್ಣನಿಗೆ. ಬೇಲಿಯ ಒಂದು ಮಾತಿನಿಂದ ಮನಸ್ಸು ಮುರಿದು, ಅಣ್ಣ ತೀರಿಕೊಳ್ಳುವವರೆಗೆ, ಇಪ್ಪತ್ತೆರಡು ವರ್ಷ, ಇಬ್ಬರೂ ಮಾತಾಡಲಿಲ್ಲ.

“ಬೊಂಬಾಯಿಯಿಂದ ಒಬ್ಬರು ಬಂದಿದ್ದರು,” ಎಂದರು ಹಿರಿಯರು. “ಎಲ್ಲ ನೋಡಿ, ಸಂಖ್ಯೆಗಳನ್ನು ಬರೆದುಕೊಂಡರು. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಬೇರೆ, ಕಾರಿನಲ್ಲಿರುವುದು ಬೇರೆ. ಸೀಳಿದ್ದಾದರೂ ಸರಿ, ಆ ಹಳೆಯ ಬ್ಲಾಕು ಜೊತೆಗಿದ್ದರೆ ಒಂದೂವರೆ ಪಟ್ಟು ಕೊಡುವೆನೆಂದರು.”

ಆ ನೋಂದಣಿ ಪುಸ್ತಕವನ್ನೂ ನೋಡಿದೆ. 1956ರ ನವೆಂಬರಿನಲ್ಲಿ ಮೈಸೂರಿನೊಡನೆ ಸೇರಿ ಇಲ್ಲವಾದ ಕೊಡಗು ರಾಜ್ಯದ ಪುಸ್ತಕ. ಅಂಚನ್ನು ಗೆದ್ದಲು ರುಚಿ ನೋಡಿದೆ. ಇಂತಹ ಕಾಗದಕ್ಕೆ ಈಗ ಬೆಲೆ ಹೆಚ್ಚು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಪ್ರತ್ಯೇಕ ನೋಂದಣಿಯುಂಟು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಅವಧಿ ಹತ್ತು ವರ್ಷ. ಹಳೆಯ ಸಂಖ್ಯೆಯಿದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಪ್ರದರ್ಶನಕ್ಕೋ ರ್‍ಯಾಲಿಗೋ ದುರಸ್ತಿಗೋ ಹೊರತು ದಿನವೂ ರಸ್ತೆಗಿಳಿಸುವಂತಿಲ್ಲ.

ಕೊಡಗಿನ ಮಳೆಯಲ್ಲಿ ಇಂತಹ ಕಾರನ್ನು ಸಾಕುವುದು ಆನೆ ಸಾಕಿದಂತೆಯೇ. ಟಿ.ಸಿ.ಯ ಮೈಯೊಳಗಿನ ಚೌಕಟ್ಟು ಮರದ್ದು. ತೇವಕ್ಕೆ ಕೊಳೆಯುತ್ತದೆ, ಗೆದ್ದಲಿಗೆ ಪ್ರಿಯ. ಸಿದ್ದಾಪುರದಿಂದ ಒಬ್ಬ ವೃದ್ಧ ಮೆಕ್ಯಾನಿಕ್ ತಿಂಗಳಿಗೊಮ್ಮೆ ಬರುತ್ತಾರೆ; ಹಿರಿಯರು ಅವರನ್ನು ‘ಕಾಕ’ ಎಂದೇ ಕರೆಯುವುದು. ಆ ದಿನವೂ ಬಂದಿದ್ದರು. ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪು ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎಂದು ಬಡಿಯಿತು. ಬಡಿತ ನಿಧಾನವಾದ ಮೇಲೆ ಎಂಜಿನ್ ಎದ್ದಿತು. ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿರಿಯರು ಕಣದ ಸುತ್ತ ಎರಡು ಸುತ್ತು ಹಾಕಿದರು. ಇಳಿದವನು ಬೆಲೆಯ ಮಾತನ್ನು ಮರೆತಿದ್ದ.

“ಮಾರುವಿರಾ?” ಎಂದು ಕೇಳಿದವಳು ನನ್ನ ಮಡದಿ.

“ಮಕ್ಕಳು ಬೆಂಗಳೂರಿನಲ್ಲಿ. ನನ್ನ ನಂತರ ಇದು ಗೆದ್ದಲಿಗೆ ಹೋಗುವುದಕ್ಕಿಂತ ನೋಡಿಕೊಳ್ಳುವವರ ಕೈ ಸೇರಲಿ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಅರ್ಧ ಕಾರನ್ನು ಮಾರುವುದು ಹೇಗಮ್ಮ? ಅತ್ತಿಗೆ ಇಲ್ಲವೆನ್ನಲಾರರು. ಕೇಳಬೇಕಾದವನು ನಾನು.”

ನಾವು ಹೊರಟಾಗ, ಗೇಟಿನವರೆಗೆ ಬರುತ್ತೇನೆಂದು ನಮ್ಮ ಕಾರಿನಲ್ಲೇ ಕುಳಿತರು. ತಮ್ಮ ಗೇಟು ಬಂದಾಗ ಇಳಿಯಲಿಲ್ಲ. ಮುಂದಿನ ತಿರುವಿನಲ್ಲಿ ಅಣ್ಣನ ತೋಟದ ಗೇಟು. ಒಳಗೆ ಹೂ ತುಂಬಿದ ಗಿಡಗಳ ಮೇಲೆ ಒಂದು ತಗಡಿನ ಮಾಡು ಕಾಣುತ್ತಿತ್ತು. “ಅಲ್ಲೇ ಇದೆ,” ಎಂದರು. “ಇಲ್ಲಿ ನಿಲ್ಲಿಸಿ.”